ಗೇಣುದ್ದದ ಕೆಂಪು ತಂತಿ

ಮತ್ತೆ ನಿಂತಿತು.
ಮೂರನೇ ಪಾಳಿ, ಎರಡು ಗಂಟೆ ಹತ್ತು,
ದಾವಣಗೆರೆಯಾಚೆ ಹರಿಹರದ ರಸ್ತೆಗೆ ಬೆನ್ನು ಕೊಟ್ಟ ನಮ್ಮ ನೂಲಿನ ಮಿಲ್ಲು.
ಹಳಿಯ ಮೇಲೆ ಹೋಗಿ ಬಂದು ಬೇಲುಗಳ ನೆತ್ತಿ ಹೆರೆಯುವ ಯಂತ್ರ
ನಡುದಾರಿಯಲ್ಲಿ, ಏನೋ ಮರೆತವರ ಹಾಗೆ.
ಡ್ರೈವಿನ ಪುಟ್ಟ ಗಾಜಿನಲ್ಲಿ ಕೆಂಪು ಅಂಕಿ:
ಬೆಳಕಿನ ಪರದೆ ಹರಿದಿದೆ, ಯಾರೋ ಒಳಗಿದ್ದಾರೆ.

ಯಾರೂ ಇರುವುದಿಲ್ಲ. ನನಗೆ ಗೊತ್ತು.
ಹತ್ತಕ್ಕೆ ಒಂಬತ್ತು ಸಲ ಅರಳೆಯ ಪುಡಿ,
ಸೆನ್ಸಾರಿನ ಕಣ್ಣಿಗೆ ಪೊರೆಯ ಹಾಗೆ ಕೂತಿರುತ್ತದೆ.
ಬನಿಯನ್ನಿನ ಚೂರಿನಿಂದ ಒರೆಸಬೇಕು, ಮತ್ತೆ ಚಾಲೂ ಮಾಡಬೇಕು,
ಕೊಟ್ರೇಶಿಯ ಬಾಯಿ ಕೇಳಬೇಕು:
"ದಿನಕ್ಕ ಹನ್ನೊಂದ್ ಸಲ ನಿಂತ್ರ ನೂಲು ನಿಮ್ಮಪ್ಪ ತೆಗೀತಾನೇನೋ?
ಒಂದ್ ತುಂಡು ವೈರ್ ಹಾಕಿ ಒಗಿ ಅತ್ಲಾಗ."

ಹಾಕಿದ್ದೆ.
ಕಾರ್ತೀಕದ ಒಂದು ರಾತ್ರಿ, ಎರಡು ತಿರುಪಿನ ನಡುವೆ
ಗೇಣುದ್ದದ ಕೆಂಪು ತಂತಿ.
ರಿಲೇಗೆ ಸುಳ್ಳು ಹೇಳುವುದು ಎಷ್ಟು ಸುಲಭ:
ಎಲ್ಲ ಸರಿಯಿದೆ, ಎಲ್ಲ ಸರಿಯಿದೆ.
ಹಸಿರು ದೀಪ ನಂಬಿತು.
ಒಂಬತ್ತು ದಿನ ಒಮ್ಮೆಯೂ ನಿಲ್ಲಲಿಲ್ಲ.
ಕೊಟ್ರೇಶಿ ಮಿರ್ಚಿ ಮಂಡಕ್ಕಿ ಕೊಡಿಸಿದ.
ಹಾಲಮ್ಮ ಎಂದಿನಂತೆ ಹಳಿಯ ಬದಿಗೆ ಬಗ್ಗಿ ಪೊರಕೆ ಆಡಿಸುತ್ತಿದ್ದಳು,
ಸೆರಗು ಸಿಕ್ಕಿಸಿಕೊಂಡು, ಯಂತ್ರಕ್ಕೆ ಬೆನ್ನು ಹಾಕಿ,
ಅದು ನಿಲ್ಲುತ್ತದೆಂಬ ಭರವಸೆಯಲ್ಲಿ.
ಏನೂ ಆಗಲಿಲ್ಲ.
ಆ ಏನೂ ಆಗದ್ದು
ಈಗಲೂ ನನ್ನ ನಿದ್ದೆಯಲ್ಲಿ ಹೋಗಿ ಬರುತ್ತದೆ, ಹಳಿಯ ಮೇಲೆ.

ಬುಡೇನ್‌ಸಾಬರು ಫಿಟ್ಟರ್ ಆಗಿದ್ದದ್ದು ಹಳೆಯ ಕಾಟನ್ ಮಿಲ್ಲಿನಲ್ಲಿ,
ಅದರ ಕೂಗಿಗೆ ಊರು ಗಡಿಯಾರ ತಿದ್ದಿಕೊಳ್ಳುತ್ತಿದ್ದ ಕಾಲ.
ನಿಲ್ಲಿಸುವುದೆಂದರೆ ಆಗ ಕೋಲು. ಯಾರೋ ಚೀರಬೇಕು,
ಆ ಸದ್ದಿನಲ್ಲಿ ಅದು ಇನ್ನೊಬ್ಬನಿಗೆ ಕೇಳಬೇಕು,
ಅವನು ಓಡಿ ಬಂದು ಪಟ್ಟಿ ಸರಿಸಬೇಕು.
"ಅಷ್ಟೊತ್ತಿಗೆ..." ಎನ್ನುತ್ತಾರೆ, ಮಾತು ಮುಗಿಸದೆ,
ಎರಡು ಬೆರಳಿಲ್ಲದ ಕೈಯಲ್ಲಿ ಚಹಾದ ಲೋಟ ತಿರುಗಿಸುತ್ತ.

ಅವರೇ ಕಲಿಸಿದ್ದು: ಕೈಬಿಟ್ಟರೆ ನಿಂತಂತಲ್ಲ.
ಕಾರ್ಡಿಂಗಿನ ಆ ದೊಡ್ಡ ಉರುಳೆಗೆ ಕರೆಂಟು ಕಡಿದು ನೋಡು,
ಹಳೇ ಸಿಟ್ಟಿನ ಹಾಗೆ ಎಂಟು ನಿಮಿಷ ತನ್ನಷ್ಟಕ್ಕೆ ಸುತ್ತುತ್ತದೆ.
ಅದನ್ನು ಮೊದಲು ಹಿಡಿದು ಇಳಿಸಬೇಕು, ಆಮೇಲೆ ಬಿಡಬೇಕು.
ಬೇಲು ಎತ್ತುವ ಹಾಯ್ಸ್ಟನ್ನೋ, ಬಿಡಲೇಬಾರದು,
ತೂಕ ಮೇಲಿರುವಷ್ಟು ಹೊತ್ತು ಹಿಡಿದೇ ನಿಲ್ಲಬೇಕು;
ನಿಂತಿರುವುದಕ್ಕೂ ಬಲ ಬೇಕಪ್ಪ.
ಇದನ್ನು ಒಮ್ಮೆ ನನ್ನ ಹೆಂಡತಿಗೂ ಹೇಳಿದೆ,
ಜಗಳದ ನಡುವೆ. ಅವಳು ನಗಲಿಲ್ಲ.

ಇವತ್ತು ಟಾರ್ಚು ಹಿಡಿದು ಹೋದೆ.
ಪುಡಿಯಲ್ಲ. ಸೆನ್ಸಾರಿನ ಕಣ್ಣಿನ ಮೇಲೆ
ಮೋಟು ಬಾಲದ ಒಂದು ಹಲ್ಲಿ, ಹುಳಕ್ಕೆ ಕಾಯುತ್ತಿದೆ.
ಟನ್ನುಗಟ್ಟಲೆ ಕಬ್ಬಿಣ ಅದರೆದುರು ಕೈಕಟ್ಟಿ ನಿಂತಿದೆ.
ಹಲ್ಲಿಯೋ, ಬೆರಳೋ, ಹಾಲಮ್ಮನ ಸೆರಗೋ
ಅದು ವಿಚಾರಿಸಲಿಲ್ಲ. ಮೊದಲು ನಿಂತಿತು.
ಕೇಳುವ ಕೆಲಸವನ್ನು ನನಗೆ ಬಿಟ್ಟಿತು.

"ಏನಲೇ ಅದು?" ಕೊಟ್ರೇಶಿ, ದೂರದಿಂದ.
ಜೇಬಿನಲ್ಲಿ ಆ ತಂತಿ ಇದೆ, ಹತ್ತನೆಯ ದಿನ ಬಿಚ್ಚಿಕೊಂಡದ್ದು,
ಬೀಗದ ಕೈಗಳಿಗೆ ಸುತ್ತಿಟ್ಟಿದ್ದೇನೆ.
"ಒಳಗ ಒಬ್ರು ಅದಾರ," ಅಂದೆ.
"ಹೊರಗ ಬರೋ ಮಟ ಕಾಯ್ಬೇಕು."

ಹಲ್ಲಿ ಲೊಚಗುಟ್ಟಿತು.
ಐದೂ ಬೆರಳಲ್ಲಿ ನೆಲ ತಟ್ಟಿ
ಹಾಲಮ್ಮ "ಖರೇ" ಅಂದಳು.